ತುಂಗಭದ್ರೆಯ ಹರಿಗೋಲು: ಅಂದು ಹೊಳೆ ದಾಟುವ ಸಾರಿಗೆ, ಇಂದು ಪ್ರವಾಸಿಗರ ಸವಾರಿ

ರಾಣೆಬೆನ್ನೂರು ತಾಲ್ಲೂಕಿನ ಐರಣಿ ತುಂಗಭದ್ರಾ ನದಿ ದಡದ ಊರು. ಇಲ್ಲಿನ ಮಠದ ಹೆಸರೇ ಹೊಳೆಮಠ. ಹೊಳೆಯ ಈಚೆ ಹಾವೇರಿ ಜಿಲ್ಲೆ, ಆಚೆ ದಾವಣಗೆರೆ ಜಿಲ್ಲೆ. ಸೇತುವೆಗಳು ಬರುವ ಮುನ್ನ ಈ ಭಾಗದ ಮಂದಿ ಸಂತೆ, ಜಾತ್ರೆ, ಬೀಗರೂರು ಅಂತ ಆಚೆ ದಡಕ್ಕೆ ಹೋಗಬೇಕಾದರೆ ಇದ್ದ ದಾರಿ ಎರಡೇ. ಬೇಸಿಗೆಯಲ್ಲಿ ನೀರು ಇಳಿದಾಗ ನಡೆದು ದಾಟೋದು, ಉಳಿದ ದಿನ ಹರಿಗೋಲು ಹತ್ತೋದು. ಅದೇ ಹರಿಗೋಲು ಈಗ ಇದೇ ನದಿಯ ಕೆಳಭಾಗದ ಹಂಪಿ–ಆನೆಗೊಂದಿಯಲ್ಲಿ ಪ್ರವಾಸಿಗರನ್ನು ಸೆಳೆಯುತ್ತಿದೆ.

ಹರಿಗೋಲು ಅಂದರೇನು?

ಬಿದಿರಿನ ಸೀಳುಗಳಿಂದ ಹೆಣೆದ ದುಂಡನೆಯ ಬುಟ್ಟಿಯಾಕಾರದ ದೋಣಿಯೇ ಹರಿಗೋಲು. ಕೆಲವೆಡೆ ಇದನ್ನು ತೆಪ್ಪ ಎಂದೂ ಕರೆಯುತ್ತಾರೆ. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಫೈಬರ್‌ನಿಂದ ಮಾಡಿದವೂ ಬಂದಿವೆ.

ಇದರ ತಳ ಚಪ್ಪಟೆ. ಹೀಗಾಗಿ ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ, ಬಂಡೆಗಳ ನಡುವೆಯೂ ನುಸುಳುತ್ತದೆ. ತುಂಗಭದ್ರೆಯಂಥ ಕಲ್ಲು ತುಂಬಿದ ನದಿಗೆ ಉದ್ದನೆಯ ಭಾರದ ದೋಣಿಗಿಂತ ಇದೇ ಒಗ್ಗಿತು. ಆದರೆ ದುಂಡಗಿರುವುದರಿಂದ ನೆಟ್ಟಗೆ ಸಾಗುವುದಿಲ್ಲ, ಗಿರಗಿರ ತಿರುಗುತ್ತದೆ. ಅದನ್ನು ತಿರುಗದಂತೆ ಹಿಡಿದು, ಹರಿವಿನ ಸೆಳೆತಕ್ಕೆ ತಕ್ಕಂತೆ ಹುಟ್ಟು ಹಾಕೋದೇ ಅಂಬಿಗನ ಕಸುಬು.

ಇತಿಹಾಸದಲ್ಲಿ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬುಟ್ಟಿದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮ, ಒಂದು ಸಲಕ್ಕೆ 15ರಿಂದ 20 ಜನ. ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದರು ಎಂಬುದು ಅವನ ವಿವರಣೆ. ದೋಣಿ ಸದಾ ತಿರುಗುತ್ತಲೇ ಇರುತ್ತದೆ ಎಂಬುದನ್ನೂ ಅವನು ಗಮನಿಸಿದ್ದ.

ಐರಣಿಯ ಕೋಟೆಗೂ ಹೊಳೆ ದಾಟುವ ಕಥೆಯೊಂದಿದೆ. 1800ರ ಜೂನ್‌ನಲ್ಲಿ ಧೋಂಡಿಯಾ ವಾಘ್‌ನ ಬೆನ್ನಟ್ಟಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಹರಿಹರದ ಬಳಿ ತುಂಗಭದ್ರೆ ದಾಟಿತು. ಮೊದಲು ಐರಣಿ ಕೋಟೆ, ನಂತರ ರಾಣೆಬೆನ್ನೂರು ಅವನ ಕೈಸೇರಿದವು. ಮುಂದೆ 1803ರ ದಂಡಯಾತ್ರೆಗೆ ನದಿ ದಾಟಲು ಚರ್ಮ ಹೊದಿಸಿದ ಬುಟ್ಟಿದೋಣಿಗಳನ್ನು ಮಾಡಿಸಿದವನೂ ಇದೇ ವೆಲ್ಲೆಸ್ಲಿ.

ಅಂಬಿಗರ ಚೌಡಯ್ಯನವರ ನೆಲ

ಹೊಳೆ ದಾಟಿಸುವ ಕಾಯಕಕ್ಕೆ ಈ ಜಿಲ್ಲೆಯಲ್ಲಿ ದೊಡ್ಡ ಗೌರವವಿದೆ. 12ನೇ ಶತಮಾನದ ಶರಣ, ನೇರ ನುಡಿಯ ವಚನಕಾರ ಅಂಬಿಗರ ಚೌಡಯ್ಯನವರ ಹೆಸರು ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದೊಂದಿಗೆ ಬೆಸೆದುಕೊಂಡಿದೆ. ಇಷ್ಟದೇವರ ಹೆಸರಿನ ಬದಲು ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡವರು ಅವರು. ಇದೇ ಊರಿನಲ್ಲಿ ನದಿ ದಡದಲ್ಲೇ ಮುಕ್ತೇಶ್ವರ ದೇವಾಲಯವೂ ಇದೆ. ಹಾವೇರಿ ತಾಲ್ಲೂಕಿನ ನರಸೀಪುರದಲ್ಲಿ ಅವರ ಹೆಸರಿನ ಗುರುಪೀಠವಿದೆ. ಪ್ರತಿ ವರ್ಷ ಜನವರಿ 21ರಂದು ರಾಜ್ಯ ಸರ್ಕಾರ ಅವರ ಜಯಂತಿ ಆಚರಿಸುತ್ತದೆ.

ಸೇತುವೆ ಬಂದ ಮೇಲೆ

ಬೆಂಗಳೂರು–ಧಾರವಾಡ ಹೆದ್ದಾರಿಗೆ ಹರಿಹರದಲ್ಲಿ 1868ರಲ್ಲಿ ಸೇತುವೆ ಆಯಿತು. ನಂತರ ಬೇರೆ ಕಡೆಗಳಲ್ಲೂ ಸೇತುವೆಗಳಾದಂತೆ ಅಂಬಿಗರ ಕೆಲಸ ಕಡಿಮೆಯಾಯಿತು. 'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು' ಅನ್ನೋ ಗಾದೆ ಕೊನೆಗೆ ಅಂಬಿಗರ ಬದುಕಿಗೇ ಅನ್ವಯವಾಯಿತು.

ಆನೆಗೊಂದಿಯಲ್ಲಿ ಹಾಗಾಗಲಿಲ್ಲ. ಅಲ್ಲಿ ಕಟ್ಟುತ್ತಿದ್ದ ಸೇತುವೆ ಹಂಪಿಯ ಪರಿಸರಕ್ಕೆ ಧಕ್ಕೆ ತರುತ್ತದೆಂಬ ಆಕ್ಷೇಪ ಎದ್ದು, 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಪಟ್ಟಿಯಿಂದ ಹೆಸರು ಹೊರಬಂತು. ಆದರೆ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಹೀಗಾಗಿ ಅಲ್ಲಿ ಮತ್ತೂ ವರ್ಷಗಳ ಕಾಲ ಊರವರಿಗೆ ದೋಣಿಯೇ ದಾರಿ, ಪ್ರವಾಸಿಗರಿಗೆ ಅದೇ ಮೋಜು. ಶರಾವತಿ ಹಿನ್ನೀರಿನ ಸಿಗಂದೂರು ಲಾಂಚ್ ಕೂಡ ಹೀಗೆಯೇ ದಶಕಗಳ ಕಾಲ ದ್ವೀಪದ ಜನರಿಗೆ ಬಸ್ಸಿನಷ್ಟೇ ಅಗತ್ಯವಾಗಿತ್ತು, ಭಕ್ತರಿಗೆ ಯಾತ್ರೆಯ ಖುಷಿಯಾಗಿತ್ತು. ಅಲ್ಲಿ 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು.

ನಮ್ಮ ದಡದಲ್ಲಿ ಸಾಧ್ಯವೇ?

ಐರಣಿಯ ಕೋಟೆ ಮತ್ತು ಹೊಳೆಮಠ, ಚೌಡಯ್ಯದಾನಪುರದ ಮುಕ್ತೇಶ್ವರ, ವರದಾ–ತುಂಗಭದ್ರಾ ಸಂಗಮದ ಗಳಗನಾಥ. ನೋಡಬೇಕಾದ ಇಷ್ಟೂ ತಾಣ ಹೊಳೆ ದಡದಲ್ಲೇ ಇವೆ. ಬಂದವರಿಗೆ ಹರಿಗೋಲಿನ ಸವಾರಿಯೂ ಸಿಕ್ಕರೆ ಒಳ್ಳೆಯದೇ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಅಂದು ಹರಿಗೋಲು ಹತ್ತುತ್ತಿದ್ದವರಿಗೆ ಮಡು ಎಲ್ಲಿ, ಸೆಳವು ಎಲ್ಲಿ ಅನ್ನೋದು ಸಣ್ಣಂದಿನಿಂದ ಗೊತ್ತಿತ್ತು. ಪ್ರವಾಸಿಗನಿಗೆ ಅದು ಗೊತ್ತಿಲ್ಲ. ಮೇಲೆ ಬಿಸಿಲಿದ್ದರೂ ಮಲೆನಾಡಿನಲ್ಲಿ ಮಳೆ ಸುರಿದರೆ, ತುಂಗಾ ಅಥವಾ ಭದ್ರಾ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. ಆದ್ದರಿಂದ ಸವಾರಿಗೆ ಮುನ್ನ ಇಷ್ಟು ಗಮನದಲ್ಲಿರಲಿ:

• ಹೊಳೆ ತುಂಬಿದಾಗ, ಜಲಾಶಯದಿಂದ ನೀರು ಬಿಡುವ ಎಚ್ಚರಿಕೆ ಇದ್ದಾಗ ಹತ್ತಬೇಡಿ.
• ಲೈಫ್ ಜಾಕೆಟ್ ಇಲ್ಲದಿದ್ದರೆ ಸವಾರಿ ಬೇಡ. ಮಕ್ಕಳಿಗೆ ಅವರ ಅಳತೆಯದ್ದೇ ಇರಲಿ.
• ಜನ ಹೆಚ್ಚಾದರೆ ಇನ್ನೊಂದು ಸರದಿ ಕಾಯಿರಿ.
• ನಡುಹೊಳೆಯಲ್ಲಿ ಎದ್ದು ನಿಲ್ಲುವುದು, ಸೆಲ್ಫಿಗಾಗಿ ಎಲ್ಲರೂ ಒಂದೇ ಬದಿಗೆ ವಾಲುವುದು ಬೇಡ.
• ಅಂಬಿಗ 'ಇವತ್ತು ಬ್ಯಾಡ್ರಿ' ಅಂದರೆ ಹೆಚ್ಚಿನ ದುಡ್ಡಿನ ಆಸೆ ತೋರಿಸಿ ಒತ್ತಾಯಿಸಬೇಡಿ. ಹೊಳೆಯ ವಿಷಯದಲ್ಲಿ ಅವನ ಮಾತೇ ಕೊನೆ.