ದೀಪಾಲಂಕೃತ ಸ್ಮಾರಕಗಳ ರಾತ್ರಿಚಿತ್ರಗಳು

ಮೈಸೂರು ಅರಮನೆಯ ದೀಪಾಲಂಕಾರದ ಛಾಯಾಚಿತ್ರಗಳನ್ನು ವಾಸ್ತುಶಿಲ್ಪದ ಆಧಾರವೆಂದು ಪ್ರಬಂಧಗಳಲ್ಲಿ ಬಳಸುವುದುಂಟು. ಇದನ್ನು ನಾವು ಒಪ್ಪಲಾರೆವು. ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ನನ ನಕ್ಷೆಯಂತೆ ಕಟ್ಟಿದ ಈಗಿನ ಅರಮನೆಯು 1912ರಲ್ಲಿ ಪೂರ್ಣಗೊಂಡಿತು; ಶಿವನಸಮುದ್ರದ ವಿದ್ಯುತ್ತಾದರೋ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತ್ತು. ಸುಮಾರು ಒಂದು ಲಕ್ಷ ಬಲ್ಬುಗಳು ಕಮಾನು ಗುಮ್ಮಟಗಳ ಅಂಚನ್ನು ಬೆಳಗುತ್ತವೆ. ಕ್ಯಾಮರಾದಲ್ಲಿ ಆ ಅಂಚು ಮೂಡುವಷ್ಟರಲ್ಲಿ ಗ್ರಾನೈಟಿನ ಗೋಡೆಯು ಕತ್ತಲಲ್ಲಿ ಮುಳುಗಿರುತ್ತದೆ. ಅದು ಕಟ್ಟಡದ ದಾಖಲೆಯಲ್ಲ, ಉತ್ಸವದ ದಾಖಲೆ. ದಸರೆಯ ಚರಿತ್ರೆಯನ್ನು ಬರೆಯುವವರಿಗೆ ಅಮೂಲ್ಯವೇ ಸರಿ.

ಹೊಸಬಾಳೆಯ ಸುತ್ತಣ ಸೊರಬ-ಶಿಕಾರಿಪುರ ಸೀಮೆಯಲ್ಲಿ ಅಂತಹ ವೈಭವವಿಲ್ಲ. ಇಲ್ಲಿ ಇರುಳಿನ ದೀಪವು ಬೇರೊಂದು ಕಾರ್ಯಕ್ಕೆ ಒದಗುತ್ತದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನವಿದೆ. ಇಂತಹ ಶಾಸನಗಳ ಸವೆದ ಅಕ್ಷರಗಳನ್ನು ನೇರ ಬೆಳಕು ಮಟ್ಟಮಾಡಿಬಿಡುತ್ತದೆ. ಒಂದೇ ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಗೀರುಗಳಲ್ಲಿ ನೆರಳು ನಿಂತು ಅಕ್ಷರಗಳು ಮೇಲೇಳುತ್ತವೆ. ಕಲ್ಲನ್ನು ಮುಟ್ಟಬೇಕಾದುದೂ ಇಲ್ಲ. ಆದರೆ ಬಿರುಕಿನ ನೆರಳೂ ಅಕ್ಷರದಂತೆಯೇ ಕಾಣುತ್ತದೆಂಬುದನ್ನು ಮರೆಯಲಾಗದು. ಆದುದರಿಂದ ಎದುರು ಪಕ್ಕದ ಬೆಳಕಿನಲ್ಲಿ ಮತ್ತೊಂದು ಚಿತ್ರವನ್ನು ತೆಗೆದು, ದೀಪದ ದಿಕ್ಕನ್ನು ಬರೆದಿಡದ ಹೊರತು, ಅಂತಹ ಚಿತ್ರವನ್ನು ಪಾಠನಿರ್ಣಯಕ್ಕೆ ಬಳಸತಕ್ಕದ್ದಲ್ಲ.