ಹತ್ತು ಅರ್ಜಿಗೆ ಹತ್ತು ಸಲ ಅಲೆದಾಟ ಏಕೆ?

ನಮ್ಮ ಆಂಡ್ರಾಯ್ಡ್ ಫೋನುಗಳನ್ನು ಒಳಗಿಂದ ನಡೆಸುವುದು ಲಿನಕ್ಸ್ ಕರ್ನಲ್. ಫೈಲ್ ಓದಲು, ಬರೆಯಲು ಪ್ರತಿ ಆ್ಯಪ್ ಅದನ್ನೇ ಕೇಳಬೇಕು. ಈ ಕೇಳಿಕೆಯ ಹೆಸರು ಸಿಸ್ಟಮ್ ಕಾಲ್. ಕೇಳಿದಷ್ಟು ಸಲವೂ ಪ್ರೊಸೆಸರ್ ಸಮಯ ಖರ್ಚು.

ಕೆಲಸ ಒಪ್ಪಿಸಿ, ಅದು ಮುಗಿಯುವ ತನಕ ಕಾಯದೆ ಮುಂದೆ ಸಾಗುವ ವ್ಯವಸ್ಥೆ 2003ರ ಲಿನಕ್ಸ್ 2.6ರಲ್ಲೇ ಇತ್ತು. ಆದರೆ ಒಪ್ಪಿಸಲು ಒಂದು ಕರೆ, ಉತ್ತರ ಪಡೆಯಲು ಇನ್ನೊಂದು. 2018ರಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷ ಬಯಲಾಯಿತು. ಅದನ್ನು ತಡೆಯಲು ಹಾಕಿದ ತೇಪೆಯಿಂದ ಕರೆಗಳು ಇನ್ನಷ್ಟು ದುಬಾರಿಯಾದವು.

2019ರಲ್ಲಿ ಜೆನ್ಸ್ ಆಕ್ಸ್‌ಬೋ ಬರೆದ 'ಐಒ ಯೂರಿಂಗ್' ಲಿನಕ್ಸ್ 5.1ರಲ್ಲಿ ಸೇರಿತು. ಇದರಲ್ಲಿ ಆ್ಯಪ್ ಮತ್ತು ಕರ್ನಲ್ ಹಂಚಿಕೊಳ್ಳುವ ಎರಡು ಸಾಲುಗಳಿವೆ: ಒಂದು ಬೇಡಿಕೆಗೆ, ಒಂದು ಉತ್ತರಕ್ಕೆ. ಹತ್ತು ಅರ್ಜಿಯನ್ನು ಒಟ್ಟಿಗೆ ಕೊಟ್ಟು ಬಂದ ಹಾಗೆ, ಹಲವು ಬೇಡಿಕೆಗೆ ಒಂದೇ ಕರೆ ಸಾಕು. ಕರ್ನಲ್ ತಾನೇ ಸಾಲನ್ನು ನೋಡುತ್ತಿದ್ದರೆ ಅದೂ ಬೇಡ.

ಆದರೆ ಹೊಸ ಕೋಡ್‌ನಲ್ಲಿ ದೋಷಗಳೂ ಸಿಕ್ಕವು. ಕರ್ನಲ್ ದೋಷ ತೋರಿಸಿದವರಿಗೆ ಗೂಗಲ್ ಬಹುಮಾನ ಕೊಡುತ್ತದೆ. ಆ ಯೋಜನೆಗೆ ಬಂದ ದಾಳಿಗಳಲ್ಲಿ ನೂರಕ್ಕೆ 60 ಇದನ್ನೇ ಬಳಸಿದ್ದವು ಎಂದು 2023ರಲ್ಲಿ ಅದು ತಿಳಿಸಿತು. ಹಾಗಾಗಿ ಸರ್ವರ್‌ಗಳಿಗೆ ವೇಗ ಕೊಟ್ಟ ಈ ದಾರಿಯನ್ನು ನಮ್ಮ ಫೋನಿನ ಆ್ಯಪ್‌ಗಳಿಗೆ ಗೂಗಲ್ ಮುಚ್ಚಿದೆ.