ಬಳಕೆದಾರರೇ ರೂಪಿಸುವ ಹುಡುಕಾಟ

ಜಾಲಪುಟಗಳನ್ನು ಆರಿಸಿ, ವಿಂಗಡಿಸಿ, ಮೇಲು ಕೆಳಗು ಮಾಡುವ ಕೆಲಸದಲ್ಲಿ ಓದುಗರೇ ಪಾಲುಗೊಳ್ಳುವ ಹುಡುಕಾಟದ ಬಗೆ. 1998ರಲ್ಲಿ ಶುರುವಾಗಿ ಸ್ವಯಂಸೇವಕರ ಶ್ರಮದಿಂದ ಬೆಳೆದ ಜಾಲತಾಣಗಳ ಕೋಶ ಡಿಮಾಜ್ 2017ರಲ್ಲಿ ಮುಚ್ಚಿತು. ಜಿಮ್ಮಿ ವೇಲ್ಸ್ 2008ರಲ್ಲಿ ತೆರೆದ ವಿಕಿಯಾ ಸರ್ಚ್ ಮರುವರ್ಷವೇ ನಿಂತಿತು. ಇಷ್ಟರಿಂದ ಜನರ ವಿವೇಚನೆ ಹುಡುಕಾಟಕ್ಕೆ ಒದಗದೆಂದು ತೀರ್ಮಾನಿಸುವುದು ತಪ್ಪು. ಜೋಶುವಾ ಶಾಕ್ಟರ್ 2003ರಲ್ಲಿ ರೂಪಿಸಿದ ಡೆಲಿಷಿಯಸ್‌ನಲ್ಲಿ ಪ್ರತಿಯೊಬ್ಬರೂ ತಮಗೆ ಮುಂದೆ ಬೇಕಾಗುವ ಕೊಂಡಿಗಳನ್ನು ತಮ್ಮದೇ ಟ್ಯಾಗ್ ಹಚ್ಚಿ ಉಳಿಸಿಕೊಂಡರು. ಆ ಸ್ವಂತದ ಸಂಗ್ರಹವೇ, ಯಾರೂ ಹೆಚ್ಚಿಗೆ ದುಡಿಯದೆ, ಇತರರಿಗೆ ದಾರಿಯಾಯಿತು. ಎರಡೇ ವರ್ಷಗಳಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು. ವಿಕಿಯಾ ಸರ್ಚ್ ಬೇಡಿದ್ದಾದರೋ ಫಲಿತಾಂಶಗಳಿಗೆ ಅಂಕ ಕೊಡುವ ದುಡಿಮೆಯನ್ನು, ಅದೂ ಉತ್ತರ ಸಿಕ್ಕೊಡನೆ ಹೊರಟುಬಿಡುವ ಓದುಗನಿಂದ. ಎಡವಿದ್ದು ಇಲ್ಲಿಯೇ ಎನ್ನಬೇಕು.

ಜನರ ಮತವನ್ನು ಗುಂಪು ಕಟ್ಟಿ ತಿರುಚಬಹುದು ಎಂಬ ಆಕ್ಷೇಪ ಗಟ್ಟಿಯಾದದ್ದೇ. ಓದುಗರ ಮತದಿಂದ ಸುದ್ದಿಗಳನ್ನು ಮೇಲೇರಿಸುತ್ತಿದ್ದ, 2004ರಲ್ಲಿ ಬಂದ ಡಿಗ್ ಸುದ್ದಿತಾಣ ಆ ಕಾಟವನ್ನು ಚೆನ್ನಾಗಿಯೇ ಕಂಡಿತು. ಆದರೆ ಯಂತ್ರದ ಎಣಿಕೆಯೂ ಇದಕ್ಕೆ ಹೊರತಲ್ಲ. ಗೂಗಲ್‌ನ ಪೇಜ್‌ರ‍್ಯಾಂಕ್ ಎಣಿಸಿದ್ದು ಪುಟ ಬರೆದವರು ಕೊಟ್ಟ ಕೊಂಡಿಗಳನ್ನೇ, ಅಂದರೆ ಮನುಷ್ಯರ ಆಯ್ಕೆಯನ್ನೇ. ಅದನ್ನು ವಂಚಿಸಲೆಂದೇ ಕೊಂಡಿಗಳ ಮಾರಾಟ ಹುಟ್ಟಿಕೊಂಡಿತು. ಹೀಗಾಗಿ ಹೊಸ ಸಾಧನವೊಂದನ್ನು ವಿಮರ್ಶಿಸುವಾಗ ಯಂತ್ರವೋ ಮನುಷ್ಯನೋ ಎಂಬುದಕ್ಕಿಂತ, ಬಳಸುವವನಿಗೆ ಅದರಲ್ಲಿ ತನ್ನದೇ ಲಾಭವೇನು, ವಂಚನೆ ಹಿಡಿಯುವ ಏರ್ಪಾಡೇನು ಎಂದು ನೋಡುವುದು ಮುಖ್ಯ.